ತೊದಲು

ಕೊಳವೆಯಲ್ಲಿ ಮೊಟ್ಟೆ ಬೆರೆಸಿ ಹೆಪ್ಪುಗಟ್ಟಿಸಿದ ಹಸಿರು ಹಾಸು.
ಐದನೇ ವಾರಕ್ಕೆ ಅದರ ಮೇಲೆ
ಒಣಗಿದ ಬ್ರೆಡ್ಡಿನ ಪುಡಿಯಂಥ ಮಾಸಲು ಕಾಳು.
ಅವಸರವಿಲ್ಲ ಇವಕ್ಕೆ,
ಒಂದು ಎರಡಾಗಲು ಹೆಚ್ಚೂಕಡಿಮೆ ಒಂದು ದಿನ.

ಕೋಪನ್‌ಹೇಗನ್ನಿನ ಕಿಟಕಿಯಾಚೆ ಸೈಕಲ್ಲುಗಳು ನೆನೆಯುತ್ತಿವೆ.
ತುಕುಮ್ಮೆಕ್ ಕೈಗವಸು ಏರಿಸಿ ಚೀಟಿ ಓದುತ್ತಾಳೆ:
ಪೂರ್ವ ಗ್ರೀನ್‌ಲ್ಯಾಂಡ್. ಕಫ. ಆರು ಮಂದಿ.
ಊರಿನ ಹೆಸರಿಲ್ಲ, ಒಂದು ಸಂಕೇತ ಅಷ್ಟೆ.
ಅವಳಿಗೆ ಬೇಕಾಗಿಲ್ಲ ಹೆಸರು.
ಎಂಬತ್ತೆರಡು ಜನ, ಅದಕ್ಕೂ ಹೆಚ್ಚು ನಾಯಿ,
ಒಂದು ಅಂಗಡಿ, ಕೆಂಪು ಬಾಗಿಲಿನ ಚರ್ಚು,
ಹವೆ ಒಪ್ಪಿದರೆ ವಾರಕ್ಕೆರಡು ಸಲ ಹೆಲಿಕಾಪ್ಟರು.

ನರ್ಸು ಡೋರ್ಟೆ ಫೋನಿನಲ್ಲಿ ಹೇಳಿದ್ದಳು:
ಐದು ಜನ ಮಕ್ಕಳು, ಆರನೆಯವನು ಎನೋಕ್.
ಆಲ್ಬೋರ್ಗ್‌ನಲ್ಲಿ ಕಾಂಕ್ರೀಟು ಕಲೆಸಿ
ಕೆಮ್ಮು ಹೊತ್ತು ಬಂದವನು.
ಊರಿಗೆ ಊರೇ ಲೆಕ್ಕ ಮುಗಿಸಿದೆ.
ಅಂಗಡಿಯ ಹುಡುಗ ಅವನ ಚಿಲ್ಲರೆಯನ್ನು
ಕೈಗೆ ಕೊಡುವುದಿಲ್ಲ, ಕಟ್ಟೆಯ ಮೇಲಿಟ್ಟು ಸರಿಯುತ್ತಾನೆ.

ಅಲ್ಲಿ ಮಗು ಹುಟ್ಟಿದರೆ, ಹುಡುಗ ಮೊದಲ ಸೀಲ್ ಹೊಡೆದರೆ,
ಮನೆಯ ಬಾಗಿಲು ತೆರೆದಿಡುತ್ತಾರೆ, ಕಾಫಿಗೆ.
ಒಬ್ಬರೆದ್ದರೆ ಇನ್ನೊಬ್ಬರು ಕೂರಬೇಕು, ಬಟ್ಟಲು ತೊಳೆದು ಮತ್ತೆ ತುಂಬಬೇಕು.
ತಂಗಿಯ ಮಗಳ ಹುಟ್ಟುಹಬ್ಬಕ್ಕೆ ಎನೋಕ್
ಸ್ಲೆಡ್ಜಿನ ಪಕ್ಕ ನಿಂತು ಕುಡಿದ.

ಕುದಿಸಿ ಕೊಲ್ಲಬೇಕು ಮೊದಲು.
ಸತ್ತ ಮೇಲೆ ಬಾಯಿ ಬಿಡುತ್ತವೆ ಇವು.
ಇಪ್ಪತ್ತನಾಲ್ಕು ಜಾಗದಲ್ಲಿ ತೊದಲುತ್ತದೆ ಅವುಗಳ ಬರಹ:
ಒಂದೇ ಪದ, ಇಲ್ಲಿ ಎರಡು ಸಲ, ಅಲ್ಲಿ ಐದು ಸಲ,
ಮುಂದಿನದರಲ್ಲಿ ಮೂರು.
ತಾಯಿ ತೊದಲಿದಷ್ಟೇ ಮಗಳು,
ಮಗಳಷ್ಟೇ ಮೊಮ್ಮಗಳು, ಬಹುಪಾಲು.
ನಮ್ಮಲ್ಲಾದರೆ ಹೆಳವ ಬರುತ್ತಿದ್ದ, ಎತ್ತಿನ ಮೇಲೆ ಕೂತು
ಮುತ್ತಜ್ಜನ ಮುತ್ತಜ್ಜನಿಂದ ಹಿಡಿದು
ತಪ್ಪಿಲ್ಲದೆ ಒಪ್ಪಿಸುತ್ತಿದ್ದ,
ಕಾಳು ಕೊಟ್ಟರೆ ಹರಸುತ್ತಿದ್ದ.
ಇಲ್ಲಿ ಹರಕೆಯಿಲ್ಲ. ಅಂಕಿ.

ಎರಡು ನಾಲ್ಕು ನಾಲ್ಕು ಎರಡು ಮೂರು...
ಐದೂ ಮಕ್ಕಳದು ಒಂದೇ ಉಸಿರಿನ ಸಾಲು.
ಎನೋಕನದು ಬೇರೆ. ಹನ್ನೊಂದು ಜಾಗದಲ್ಲಿ ಬೇರೆ.
ಎಲ್ಲಿಯದೋ ಯಾರದೋ ಕೆಮ್ಮು ಅದು,
ತಂದವನು ತನ್ನೊಳಗೇ ಇಟ್ಟುಕೊಂಡಿದ್ದ.

ಹಾಗಾದರೆ ಇವರದು?
ಹಳೆಯ ಪಟ್ಟಿಯಲ್ಲಿ ಹುಡುಕಲು ಕೊಟ್ಟು
ಚಹಾ ಕುಡಿದು ಬರುವಷ್ಟರಲ್ಲಿ ಸಿಕ್ಕಿತ್ತು:
ಸಾವಿರದ ಒಂಬೈನೂರ ತೊಂಬತ್ತನಾಲ್ಕು.
ಹೆಣ್ಣು, ನಲವತ್ತೊಂದು ವರ್ಷ.
ಎಂಬತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ
ಒಂದು ಪುಟ್ಟ ಕೊಳವೆ, ಅದೇ ತೊದಲು.

ಬಿಬಿಯಾನೆ.
ಮೊನ್ನೆ ಈಸ್ಟರಿಗೆ ಮಣ್ಣು ಮಾಡಿದರು.
ಮೂವತ್ತು ವರ್ಷ ಊರಿನ ಮಕ್ಕಳಿಗೆ ಹಾಡು ಕಲಿಸಿದವಳು,
ಬಾಯಿ ಇನ್ನೂ ಅಗಲ, ಇನ್ನೂ ಅಗಲ ಎಂದು
ಗಲ್ಲ ಹಿಡಿದು ತೆರೆಸುತ್ತಿದ್ದವಳು.

ಅವಳೇ ಅನ್ನುವಂತಿಲ್ಲ.
ಅವಳಿಂದ ಪಡೆದ ಇನ್ನಾರೋ
ಇಷ್ಟು ವರ್ಷ ಮಲಗಿಸಿಟ್ಟುಕೊಂಡು
ಈ ಚಳಿಗಾಲ ಎಬ್ಬಿಸಿರಬಹುದು.
ಅಂಕಿ ನಂಟು ಹೇಳುತ್ತದೆ,
ಕೊಟ್ಟವರಾರು ಪಡೆದವರಾರು ಹೇಳುವುದಿಲ್ಲ.
ವರದಿಯಲ್ಲಿ ಅಷ್ಟೇ ಬರೆದಳು.

'ಎನೋಕ್ ಅಲ್ಲ ಅಂತಲಾದರೂ ಹೇಳಲೇ?' ಡೋರ್ಟೆ ಕೇಳಿದಳು.
ಹೆಸರು ಹಿಡಿದು ಏನೂ ಹೇಳುವಂತಿಲ್ಲ,
ಅಲ್ಲ ಎಂಬುದನ್ನೂ.
ತಂತಿಯಲ್ಲಿ ಗಾಳಿ. ಆಮೇಲೆ ಡೋರ್ಟೆ,
'ಸರಿ. ಅವನಿಗೀಗ ಮದ್ದು ಹತ್ತಿದೆ, ಕಫದಲ್ಲಿ ಏನಿಲ್ಲ.
ನಾಳೆ ಅವನ ಮನೆಗೆ ಕಾಫಿಗೆ ಹೋಗ್ತೀನಿ.
ಕಿಟಕಿ ಪಕ್ಕ ಕೂರ್ತೀನಿ. ಪರದೆ ಸರಿಸಿ,
ಎರಡು ಬಟ್ಟಲು ಕುಡೀತೀನಿ.'

ದೀಪ ಆರಿಸುವ ಮುನ್ನ ತುಕುಮ್ಮೆಕ್
ಆ ವರ್ಷವನ್ನು ಇನ್ನೊಮ್ಮೆ ನೋಡಿದಳು.
ತೊಂಬತ್ತನಾಲ್ಕರಲ್ಲಿ ಅವಳಿಗೆ ಏಳು ವರ್ಷ.
ಮುಂದಿನ ಸಾಲು, ಎಡಗಡೆಯಿಂದ ಎರಡನೆಯವಳು, ಬಾಯಿ ಅಗಲ.
ಕೆಲಸಕ್ಕೆ ಸೇರುವಾಗ ತೆಗೆದ ಎಕ್ಸ್‌ರೇಯಲ್ಲಿ
ಬಲ ಶ್ವಾಸಕೋಶದ ಮೇಲೆ ಸಾಸಿವೆಯಷ್ಟು ಸುಣ್ಣ ಕಂಡಿತ್ತು.
ಹಳೆಯದು, ತೊಂದರೆಯಿಲ್ಲ ಎಂದಿದ್ದರು.

ಒಳಗೇನಿದೆಯೋ, ಅದನ್ನು ಮಾತ್ರ ಎಣಿಸಲು ಬರುವುದಿಲ್ಲ.
ಕೋಟು ಕಳಚಿ ತೂಗುಹಾಕಿ
ಮೆಟ್ಟಿಲಿಳಿಯುವಾಗ ಗಂಟಲಲ್ಲಿ ಬಂದದ್ದು ಹಾಡೋ ಕೆಮ್ಮೋ,
ಒಂದು ಗಳಿಗೆ ನಿಂತು ಕೇಳಿಸಿಕೊಂಡಳು.